ಅಡುಗೆ ಕಟ್ಟೆಯ ಕಲ್ಲು

ಕಳೆದ ಚಳಿಗಾಲದಲ್ಲಿ ಬೆಂಗಳೂರಿನಲ್ಲಿರುವ ನನ್ನ ಮಗ ದೂರವಾಣಿಯಲ್ಲಿ ಮಾತನಾಡುತ್ತ, "ಅಪ್ಪಾ, ಮಿರ್ಜಾನದ ಮನೆಯ ಅಡುಗೆಮನೆಯನ್ನು ಈ ಬೇಸಿಗೆಯಲ್ಲಿ ಹೊಸದು ಮಾಡಿಸೋಣ. ಕಟ್ಟೆಗೆ ಗ್ರಾನೈಟ್ ಹಾಕಿಸುವುದೋ, ಕ್ವಾರ್ಟ್ಸ್ ಹಾಕಿಸುವುದೋ ಎಂಬುದನ್ನು ನೀವು ಮತ್ತು ಆಯಿ ಸೇರಿ ಹೇಳಿ" ಎಂದನು. ಮಾತು ಮುಗಿದ ಕೂಡಲೇ ಹತ್ತಾರು ಚಿತ್ರಗಳನ್ನೂ ಕಳುಹಿಸಿದನು. ಹಾಲಿನಂತೆ ಬೆಳ್ಳಗಿನ ಕಟ್ಟೆಗಳು. ಅವುಗಳ ಮೇಲೆ ಒಂದು ಕಲೆಯಿಲ್ಲ, ಒಂದು ಪಾತ್ರೆಯಿಲ್ಲ. ನನ್ನ ಪತ್ನಿ ಕನ್ನಡಕ ಏರಿಸಿಕೊಂಡು ಅವುಗಳನ್ನು ಬಹಳ ಹೊತ್ತು ನೋಡಿದಳು. ಬಿಳಿಯ ಕಟ್ಟೆ ಅವಳ ಮನಸ್ಸಿಗೆ ಬಂದಿದೆಯೆಂದು ನನಗೆ ತಿಳಿಯಿತು.

ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ಮೂವತ್ಮೂರು ವರ್ಷ ಚರಿತ್ರೆಯನ್ನೂ ವಿಜ್ಞಾನವನ್ನೂ ಬೋಧಿಸಿದವನಿಗೆ ಒಂದು ದುರಭ್ಯಾಸ ಅಂಟಿಕೊಂಡಿರುತ್ತದೆ. ಯಾವ ವಸ್ತುವನ್ನು ಕಂಡರೂ ಇದು ಎಲ್ಲಿಂದ ಬಂತು, ಯಾರು ಮಾಡಿದರು, ಇದಕ್ಕಿಂತ ಮೊದಲು ಇಲ್ಲಿ ಏನಿತ್ತು ಎಂದು ಕೇಳದೆ ಇರಲಾಗದು. ಕಲ್ಲಿನ ಬಣ್ಣವನ್ನು ಆರಿಸಲು ಕುಳಿತವನು ಕಲ್ಲಿನ ಚರಿತ್ರೆಯಲ್ಲಿ ಸಿಕ್ಕಿಕೊಂಡೆ. ಅಲ್ಲಿ ಕಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನಿಮ್ಮಲ್ಲಿ ಅನೇಕರು ಈಗ ಮನೆ ಕಟ್ಟುವ ವಯಸ್ಸಿನವರು. ಕೆಲವರು ಆ ಕಟ್ಟೆಗಳನ್ನು ಕಟ್ಟಿಕೊಡುವ ಕೆಲಸದವರು. ಇಬ್ಬರಿಗೂ ಇದು ಸಂಬಂಧಪಟ್ಟ ವಿಷಯ.

ನಾನು ಹುಟ್ಟಿ ಬೆಳೆದ ಮನೆಯಲ್ಲಿ ಅಡುಗೆ ಕಟ್ಟೆ ಎಂಬುದೇ ಇರಲಿಲ್ಲ. ಒಲೆ ನೆಲದ ಮೇಲಿದ್ದಿತು. ಆಯಿ ಮಣೆಯ ಮೇಲೆ ಕುಳಿತು ಅಡುಗೆ ಮಾಡುತ್ತಿದ್ದಳು. ತರಕಾರಿ ಹೆಚ್ಚುವುದು, ಕಾಯಿ ತುರಿಯುವುದು, ಅರೆಯುವುದು, ಬಡಿಸುವುದು ಎಲ್ಲವೂ ನೆಲದ ಮಟ್ಟದ ಕೆಲಸಗಳು. ನೆಲವನ್ನು ಸೆಗಣಿಯಿಂದ ಸಾರಿಸುತ್ತಿದ್ದರು. ಹಬ್ಬ ಹತ್ತಿರ ಬಂದಾಗ ನಾವು ಹುಡುಗರು ಹಳೆಯ ಟಾರ್ಚಿನ ಸೆಲ್ಲುಗಳನ್ನು ಒಡೆದು ಅದರೊಳಗಿನ ಕರಿಪುಡಿಯನ್ನು ತೆಗೆದುಕೊಡುತ್ತಿದ್ದೆವು. ಅದನ್ನು ಸೆಗಣಿಗೆ ಬೆರೆಸಿದರೆ ನೆಲ ಕಪ್ಪಾಗಿ, ನಯವಾಗಿ ಕಾಣುತ್ತಿದ್ದಿತು. ಅಡುಗೆಮನೆಗೆ ಕಪ್ಪು ನೆಲವೇ ಶೋಭೆ ಎಂಬುದು ಆ ಕಾಲದ ಅಭಿರುಚಿ. ಈಗಿನದು ಬಿಳಿ. ಅಭಿರುಚಿಗೂ ಒಂದು ಚರಿತ್ರೆಯುಂಟು.

ಆ ಮನೆಯ ಗೋಡೆಗಳು ಚಿರೇಕಲ್ಲಿನವು. ಕೆಂಪುಕಲ್ಲು, ಜಂಬಿಟ್ಟಿಗೆ ಎಂದೂ ಇದಕ್ಕೆ ಹೆಸರುಂಟು. ನಮ್ಮ ಕರಾವಳಿಯಲ್ಲಿ ಮನುಷ್ಯನು ಕಟ್ಟಿದ ಹಳೆಯದೆಲ್ಲ ಬಹುಪಾಲು ಈ ಕಲ್ಲಿನದೇ: ಬಾವಿಯ ಸುತ್ತುಗಟ್ಟೆ, ಗದ್ದೆಯ ಅಂಚಿನ ಗೋಡೆ, ಶಾಲೆಯ ಆವರಣ. ಅಘನಾಶಿನಿಯ ದಂಡೆಯ ನಮ್ಮ ಕೋಟೆಯೂ ಅದರದೇ. ಡಿಸೆಂಬರ್ ತಿಂಗಳಲ್ಲಿ ನಿಮ್ಮನ್ನು ಸಾಲಾಗಿ ಕರೆದುಕೊಂಡು ಹೋಗಿ, ಕಂದಕವನ್ನೂ ಬಾವಿಗಳನ್ನೂ ಬುರುಜುಗಳನ್ನೂ ತೋರಿಸುತ್ತಿದ್ದುದು ನಿಮಗೆ ನೆನಪಿರಬೇಕು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡಿರುವ ಕೋಟೆಯಿದು. ಪೋರ್ತುಗೀಜರು ಆಕೆಯನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಮಿರ್ಜಾನದ ಬಂದರಿನಿಂದ ಮೆಣಸೂ ಅಡಕೆಯೂ ಹಡಗೇರಿ ಹೋಗುತ್ತಿದ್ದವು. 2000-01ರಲ್ಲಿ ಪುರಾತತ್ತ್ವ ಇಲಾಖೆಯವರು ಇಲ್ಲಿ ಉತ್ಖನನ ಮಾಡಿದಾಗ ದೊರೆತ ವಸ್ತುಗಳಲ್ಲಿ ಚೀನಾದ ಪಿಂಗಾಣಿಯೂ ಇದ್ದಿತು, 1652ರ ಒಂದು ಪೋರ್ತುಗೀಜ್ ಚಿನ್ನದ ನಾಣ್ಯವೂ ಇದ್ದಿತು. ಅಂದರೆ ಸಮುದ್ರದಾಚೆಯಿಂದ ಬಂದ ಬೆಳ್ಳಗಿನ, ನುಣುಪಾದ ವಸ್ತುವಿನ ಮೋಹ ಮಿರ್ಜಾನಕ್ಕೆ ಹೊಸದಲ್ಲ. ಮಗನು ಕಳುಹಿಸಿದ ಚಿತ್ರಗಳನ್ನು ನೋಡುವಾಗ ನನಗೆ ಆ ಪಿಂಗಾಣಿಯೇ ನೆನಪಾಯಿತು.

ಚಿರೇಕಲ್ಲಿಗೆ ಜಗತ್ತಿನ ವಿಜ್ಞಾನ ಪುಸ್ತಕಗಳಲ್ಲಿ 'ಲ್ಯಾಟರೈಟ್' ಎಂಬ ಹೆಸರು ಬಂದ ಕಥೆಯೂ ನಮ್ಮ ಸೀಮೆಗೆ ಸಂಬಂಧಿಸಿದುದು. ಟಿಪ್ಪುವಿನ ಪತನದ ನಂತರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಂಪನಿ ಸರಕಾರವು ಮೈಸೂರು, ಕೆನರಾ, ಮಲಬಾರ್ ಪ್ರದೇಶಗಳ ಸಮೀಕ್ಷೆಗೆ ಕಳುಹಿಸಿತು. 1800ರ ಕೊನೆಯಲ್ಲಿ ಮಲಬಾರಿನ ಅಂಗಾಡಿಪುರದಲ್ಲಿ ಅವನು ಈ ಕಲ್ಲನ್ನು ಗಮನವಿಟ್ಟು ನೋಡಿದನು. 1801ರಲ್ಲಿ ನಮ್ಮ ಭಟ್ಕಳ, ಹೊನ್ನಾವರ, ಮಿರ್ಜಾನಗಳ ದಾರಿಯಾಗಿ ಸಾಗಿದನು. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಲ್ಯಾಟರೈಟ್ ಎಂಬ ಹೆಸರನ್ನು ಸೂಚಿಸಿದನು. ಲ್ಯಾಟಿನ್ ಭಾಷೆಯಲ್ಲಿ ಆ ಪದದ ಮೂಲಕ್ಕೆ ಇಟ್ಟಿಗೆ ಎಂದು ಅರ್ಥ. ಸ್ಥಳೀಯ ಭಾಷೆಗಳಲ್ಲಿ ಇದನ್ನು ಇಟ್ಟಿಗೆ ಕಲ್ಲು ಎನ್ನುವರೆಂದು ಅವನೇ ಬರೆದಿದ್ದಾನೆ. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಅಡಗಿದೆಯಷ್ಟೆ. ನಮ್ಮ ಜನರ ಮಾತೇ ಲ್ಯಾಟಿನ್ ಉಡುಪು ತೊಟ್ಟು ಪಠ್ಯಪುಸ್ತಕದ ಮೂಲಕ ನಮ್ಮಲ್ಲಿಗೆ ಮರಳಿತು.

ಬುಕಾನನ್ ಗಮನಿಸಿದ ಮುಖ್ಯ ಗುಣವೆಂದರೆ, ಈ ಕಲ್ಲು ನೆಲದಲ್ಲಿದ್ದಾಗ ಮೆದುವಾಗಿರುತ್ತದೆ. ಕಬ್ಬಿಣದ ಹತಾರದಿಂದ ಸುಲಭವಾಗಿ ಕಡಿಯಬಹುದು. ಕಡಿದು ಗಾಳಿಗೆ ಇಟ್ಟರೆ ಗಟ್ಟಿಯಾಗುತ್ತದೆ. ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳೇ ಇದರಲ್ಲಿ ಹೆಚ್ಚು. ಕೆಂಪು ಬಣ್ಣ ಬಂದುದು ಕಬ್ಬಿಣದಿಂದ. ಯಂತ್ರಗಳು ಬರುವ ಮೊದಲು ಕಲ್ಲು ಕಡಿಯುವವರು ಉದ್ದ ಹಿಡಿಕೆಯ ಪಿಕಾಸಿಯಿಂದ ಗುಂಡಿಯಲ್ಲಿ ಸಾಲು ಸಾಲಾಗಿ ಕಡಿದು ಎಬ್ಬಿಸುತ್ತಿದ್ದುದನ್ನು ನಾನು ನೋಡಿದ್ದೇನೆ. ಬೆನ್ನು ಮುರಿಯುವ ದುಡಿಮೆಯದು. ಆದರೆ ಚಿರೇಕಲ್ಲು ರಂಧ್ರಮಯವಾದುದು. ಗೋಡೆಗೆ ಸರಿ, ಅಡುಗೆಯ ಹಲಗೆಗೆ ಸಲ್ಲದು.

ಹಾಗಾಗಿ ಹಳೆಯ ಅಡುಗೆಮನೆಯಲ್ಲಿ ಗಟ್ಟಿಕಲ್ಲು ಎಂದರೆ ಒರಳು ಮತ್ತು ಬೀಸುಕಲ್ಲು, ಅಷ್ಟೇ. ಭಟ್ಕಳದ ಖೇತಪೈ ನಾರಾಯಣ ದೇವಸ್ಥಾನವನ್ನೋ ಅಲ್ಲಿನ ಬಸದಿಗಳನ್ನೋ ನೋಡಿದವರಿಗೆ ಗೊತ್ತು, ಗಟ್ಟಿಶಿಲೆಯ ಕೆತ್ತನೆ, ಕಲ್ಲುಹಾಸಿನ ಮಾಡು ಇವೆಲ್ಲ ದೇವರ ಮನೆಗೆ ಮೀಸಲು. ಮನುಷ್ಯರ ಮನೆಗೆ ಮೆದುಕಲ್ಲು. ವರ್ಷಕ್ಕೊಮ್ಮೆ ಕಲ್ಲುಕುಟಿಗರು ಊರಿಗೆ ಬಂದು, ಸವೆದು ನುಣ್ಣಗಾದ ಒರಳಿಗೆ ಉಳಿಪೆಟ್ಟು ಹಾಕಿಕೊಡುತ್ತಿದ್ದರು. ಅಂಗಳದಲ್ಲಿ ಕುಳಿತು ಟಕಟಕ ಎಂದು ಕುಟ್ಟುವಾಗ ಎದ್ದ ಪುಡಿಯನ್ನು ಬಾಯಿಯಿಂದ ಉಫ್ ಎಂದು ಊದಿ ಮತ್ತೆ ಕುಟ್ಟುತ್ತಿದ್ದರು. ಆಯಿ ಅವರಿಗೆ ಅಕ್ಕಿ ಮತ್ತು ಒಂದು ಹಾಲೆ ಬೆಲ್ಲ ಕೊಡುತ್ತಿದ್ದಳು. ನಮಗೆ ಮಕ್ಕಳಿಗೆ ಆ ಉಫ್ ಎಂಬ ಸದ್ದು ತಮಾಷೆಯಾಗಿ ಕೇಳುತ್ತಿದ್ದಿತು. ಈಗ ನೆನೆದರೆ ಹಾಗೆ ಅನಿಸುವುದಿಲ್ಲ. ಕಾರಣವನ್ನು ಮುಂದೆ ಹೇಳುತ್ತೇನೆ.

ಗ್ಯಾಸ್ ಒಲೆ ಬಂದ ಮೇಲೆ ಅಡುಗೆ ನೆಲದಿಂದ ಎದ್ದು ನಿಂತಿತು. ಒಲೆಯನ್ನು ಇಡಲು ಸೊಂಟದ ಎತ್ತರದ ಕಟ್ಟೆ ಬೇಕಾಯಿತು. ಕಟ್ಟೆಯ ಮೇಲೆ ಹಾಸಲು ಕಲ್ಲು ಬೇಕಾಯಿತು. ಕುಳಿತು ಅಡುಗೆ ಮಾಡಿದ ಆಯಿ ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ ನಿಂತು ಅಡುಗೆ ಮಾಡುವುದನ್ನು ಕಲಿಯಲು ಒಪ್ಪಲಿಲ್ಲ. ಮೊಣಕಾಲು ನೋವಿದ್ದ ನನ್ನ ಪತ್ನಿಗೆ ಮಾತ್ರ ಅದು ಬಿಡುಗಡೆಯಾಗಿತ್ತು. ಒಂದೇ ಕಟ್ಟೆ ಒಬ್ಬರಿಗೆ ಅವಮಾನ, ಇನ್ನೊಬ್ಬರಿಗೆ ಉಪಕಾರ.

ಆಗ ಬಂದ ಕಲ್ಲುಗಳು ಎರಡು. ಒಂದು ಶಹಾಬಾದಿ ಫರಸಿ, ಇನ್ನೊಂದು ಕಡಪಾ ಕಲ್ಲು. ಶಹಾಬಾದ ಇರುವುದು ಕಲಬುರಗಿ ಜಿಲ್ಲೆಯಲ್ಲಿ. ಆ ಭಾಗ ಹಿಂದೆ ನಿಜಾಮರ ಸಂಸ್ಥಾನದಲ್ಲಿದ್ದರೆ ನಮ್ಮ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1956ರಲ್ಲಿ ಎರಡೂ ಒಂದೇ ರಾಜ್ಯದೊಳಗೆ ಬಂದವು. ಕಡಪಾ ಕಲ್ಲು ಆಂಧ್ರದ ಆ ಹೆಸರಿನ ಜಿಲ್ಲೆಯದು. ಎರಡೂ ಸುಣ್ಣದಕಲ್ಲಿನ ಜಾತಿಯವು. ಪದರು ಪದರಾಗಿ ಬಿಚ್ಚಿಕೊಳ್ಳುವುದರಿಂದ ದೊಡ್ಡ ಯಂತ್ರವಿಲ್ಲದೆಯೂ ಹಲಗೆಯಾಗಿ ತೆಗೆಯಬಹುದು. ಆದುದರಿಂದಲೇ ಅಗ್ಗ, ಬಡ ಮಾಸ್ತರನ ಮನೆಗೂ ಎಟುಕಿದವು. ನಮ್ಮ ಮನೆಗೆ 1986ರಲ್ಲಿ ಕಪ್ಪು ಕಡಪಾ ಕಲ್ಲಿನ ಕಟ್ಟೆ ಬಂದಿತು.

ಆ ಕಟ್ಟೆ ಬಂದು ಒಂದು ತಿಂಗಳಾಗುವಷ್ಟರಲ್ಲಿ ಅದರ ಮೇಲೆ ಬೆಳ್ಳಗಿನ ಉಂಗುರಗಳು ಮೂಡಿದವು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಪತ್ನಿ ಪುಡಿಯನ್ನು ದೂರಿದಳು, ನಾನು ಅಂಗಡಿಯವನನ್ನು ದೂರಿದೆ. ತಪ್ಪು ಇಬ್ಬರದೂ ಅಲ್ಲ, ನಮ್ಮ ಊಟದ್ದು. ಮುರುಗಲು ಹುಳಿ, ಹುಣಸೆಹುಳಿ, ಲಿಂಬೆ, ಅಪ್ಪೆಮಿಡಿ, ಮಜ್ಜಿಗೆ ಇವಿಲ್ಲದೆ ನಮ್ಮ ಸೀಮೆಯ ಅಡುಗೆಯಿಲ್ಲ. ಸುಣ್ಣದಕಲ್ಲಿಗೆ ಹುಳಿ ವೈರಿ. ಅಘನಾಶಿನಿಯ ಬಳಚಿನ ಚಿಪ್ಪಿನ ಮೇಲೆ ಲಿಂಬೆರಸ ಹಿಂಡಿ ಗುಳ್ಳೆ ಏಳುವುದನ್ನು ತರಗತಿಯಲ್ಲಿ ನಿಮಗೆ ತೋರಿಸಿದ್ದೆನಲ್ಲ, ಅದೇ ಕ್ರಿಯೆ. ಚಿಪ್ಪೂ ಕಡಪಾ ಕಲ್ಲೂ ರಾಸಾಯನಿಕವಾಗಿ ದಾಯಾದಿಗಳು. ಆಮ್ಲವು ಕಲ್ಲಿನ ಮೇಲ್ಮೈಯನ್ನೇ ತಿನ್ನುತ್ತದೆ. ಅಮೃತಶಿಲೆಯೂ ಇದೇ ಕುಲದ್ದು. ಅದಕ್ಕೂ ಇದೇ ಗತಿ. ಇಷ್ಟು ವಿಜ್ಞಾನ ಕಲಿಸಿದವನಿಗೆ ತನ್ನ ಅಡುಗೆಮನೆಯಲ್ಲಿ ಅದು ಹೊಳೆಯಲು ಒಂದು ವರ್ಷ ಹಿಡಿಯಿತು.

ಬಳಿಕ ಬಂದುದು ಗ್ರಾನೈಟ್. 1990ರ ದಶಕದಲ್ಲಿ ಕೊಲ್ಲಿ ದೇಶಗಳಲ್ಲಿ, ಮುಂಬಯಿಯಲ್ಲಿ ದುಡಿದು ಬಂದವರ ಹೊಸ ಮನೆಗಳಲ್ಲಿ ಮೊದಲು ಅದನ್ನು ಕಂಡೆವು. ಸಾವಿರಾರು ವರ್ಷ ದೇವಾಲಯಗಳಿಗೂ ಕಂಬಗಳಿಗೂ ಮೀಸಲಾಗಿದ್ದ ಗಟ್ಟಿಶಿಲೆ ಅಡುಗೆಮನೆಗೆ ಇಳಿದುದು ವಜ್ರದ ಹುಡಿ ಕೂಡಿಸಿದ ಗರಗಸಗಳಿಂದ. ಗಟ್ಟಿಶಿಲೆಯನ್ನು ಎರಡು ಬೆರಳು ದಪ್ಪದ ಹಲಗೆಯಾಗಿ ಕೊಯ್ದು, ಕನ್ನಡಿಯಂತೆ ಹೊಳಪು ಕೊಡಲು ಆಗ ಸಾಧ್ಯವಾಯಿತು. ನಮ್ಮ ರಾಜ್ಯವೋ ಈ ಶಿಲೆಯ ಆಗರ. ರಾಮನಗರದಿಂದ ಉತ್ತರಕ್ಕೆ ನೂರಾರು ಕಿಲೋಮೀಟರ್ ಹಬ್ಬಿರುವ ಗ್ರಾನೈಟ್ ಪಟ್ಟಿಗೆ, ಆ ಊರಿನ ಹಳೆಯ ಹೆಸರಿನಿಂದ, ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು ವಿದೇಶಗಳಿಗೂ ಹೋಗುತ್ತವೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಗ್ರಾನೈಟಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಕ್ವಾರ್ಟ್ಸ್, ಅಂದರೆ ನಮ್ಮ ಬೆಣಚುಕಲ್ಲು ಇರುತ್ತದೆ. ಬಾಲ್ಯದಲ್ಲಿ ಕತ್ತಲೆಯಲ್ಲಿ ಎರಡು ಬೆಣಚುಕಲ್ಲನ್ನು ಉಜ್ಜಿ ಬೆಳಕು ಹೊರಡಿಸುತ್ತಿದ್ದೆವಲ್ಲ, ಅದೇ. ಆದರೆ ಚಾಮರಾಜನಗರದ 'ಕಪ್ಪು ಗ್ರಾನೈಟ್' ಭೂವಿಜ್ಞಾನದ ಪ್ರಕಾರ ಗ್ರಾನೈಟೇ ಅಲ್ಲ. ಡಾಲೆರೈಟ್ ಎಂಬ ಬೇರೆ ಶಿಲೆ. ಅದರಲ್ಲಿ ಬೆಣಚುಕಲ್ಲಿನ ಅಂಶ ತೀರ ಕಡಿಮೆ. ಅಂಗಡಿಯವರು ಮಾತ್ರ ಗಟ್ಟಿಯಾದುದಕ್ಕೆಲ್ಲ ಗ್ರಾನೈಟ್ ಎಂದೇ ಹೆಸರಿಡುತ್ತಾರೆ. ಬೆಣಚುಕಲ್ಲಿನ ಪಾಲು ಎಷ್ಟು ಎಂಬುದು ಮನೆಯವರಿಗೆ ಮುಖ್ಯವಲ್ಲದಿರಬಹುದು. ಆದರೆ ಅದನ್ನು ಕೊಯ್ಯುವವನಿಗೆ ಅದಕ್ಕಿಂತ ಮುಖ್ಯವಾದುದು ಇನ್ನಿಲ್ಲ.

ಇನ್ನು ಮಗನು ಹೇಳಿದ ಕ್ವಾರ್ಟ್ಸ್. ಇದು ಗಣಿಯಿಂದ ಹಲಗೆಯಾಗಿ ಬಂದ ಕಲ್ಲಲ್ಲ. ಬೆಣಚುಕಲ್ಲನ್ನು ಅರೆದು ಹರಳು ಮತ್ತು ಹಿಟ್ಟು ಮಾಡಿ, ಪ್ಲಾಸ್ಟಿಕ್ ಜಾತಿಯ ಅಂಟನ್ನೂ ಬಣ್ಣವನ್ನೂ ಸೇರಿಸಿ, ಗಾಳಿ ತೆಗೆದು, ಅದುರಿಸಿ ಒತ್ತಿ, ಬಿಸಿ ಮಾಡಿ ಗಟ್ಟಿಗೊಳಿಸಿದ ಹಲಗೆ. ಈ ಯಂತ್ರವಿದ್ಯೆಯನ್ನು ಬೆಳೆಸಿದುದು 1963ರಲ್ಲಿ ಸ್ಥಾಪಿತವಾದ ಇಟಲಿಯ ಬ್ರೆಟನ್ ಎಂಬ ಸಂಸ್ಥೆ. ತೂಕದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಬೆಣಚುಕಲ್ಲು, ಉಳಿದುದು ಅಂಟು ಮತ್ತು ಬಣ್ಣ. ಈಗ ಭಾರತದಲ್ಲೂ ಕಾರ್ಖಾನೆಗಳಿವೆ. ಇಲ್ಲಿಂದ ಅಮೆರಿಕಕ್ಕೆ ಬಹಳ ಮಾಲು ಹೋಗುತ್ತದೆ.

ಇದರ ಗುಣಗಳನ್ನು ಮುಚ್ಚಿಡಬಾರದು. ರಂಧ್ರಗಳಿಲ್ಲದ ಕಾರಣ ಎಣ್ಣೆ, ನೀರು ಹೀರುವುದಿಲ್ಲ. ಹುಳಿಗೆ ಜಗ್ಗುವುದಿಲ್ಲ. ಒಂದು ಹಲಗೆಯಂತೆಯೇ ಇನ್ನೊಂದು ಇರುತ್ತದೆ. ಬೇಕಾದ ಬಣ್ಣ ದೊರೆಯುತ್ತದೆ. ದೋಷವೆಂದರೆ ಅಂಟಿಗೆ ಬಿಸಿ ಆಗದು. ಒಲೆಯಿಂದ ಇಳಿಸಿದ ಕಾದ ಬಾಣಲೆಯನ್ನು ಹಾಗೆಯೇ ಕಟ್ಟೆಯ ಮೇಲೆ ಇಡುವ ನಮ್ಮ ಅಭ್ಯಾಸಕ್ಕೆ ಅದು ಒಗ್ಗದು. ಬಿಸಿಲು ನೇರ ಬೀಳುವ ಕಡೆ ಬಣ್ಣ ಮಾಸುವುದೂ ಉಂಟು. ಗ್ರಾನೈಟಿಗೆ ಬಿಸಿಯ ಭಯವಿಲ್ಲ. ಆದರೆ ತಿಳಿಬಣ್ಣದ ಗ್ರಾನೈಟ್ ಅರಿಶಿನವನ್ನೂ ಎಣ್ಣೆಯನ್ನೂ ಹೀರಿಕೊಳ್ಳಬಹುದು. ಆಗಾಗ ರಕ್ಷಕ ಲೇಪ ಹಚ್ಚಬೇಕಾಗುತ್ತದೆ. ಇಷ್ಟೇ ಲೆಕ್ಕ ಹಾಕುವುದಾದರೆ ಎರಡರಲ್ಲಿ ಯಾವುದಾದರೂ ನಡೆದೀತು. ಸಿದ್ಧವಾಗಿ ಕೂತ ಕಟ್ಟೆಯಿಂದ ಮನೆಯವರ ಆರೋಗ್ಯಕ್ಕೆ ಯಾವ ಅಪಾಯವೂ ಇಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ಅಪಾಯವಿರುವುದು ಕಟ್ಟೆಯಾಗುವ ಮೊದಲು.

ಆ ಅಪಾಯದ ಹೆಸರು ಸಿಲಿಕೋಸಿಸ್. ಬೆಣಚುಕಲ್ಲನ್ನು ಕೊಯ್ಯುವಾಗ, ಉಜ್ಜುವಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿರುತ್ತವೆ. ನಮ್ಮ ತಲೆಗೂದಲಿನ ದಪ್ಪದ ಹತ್ತನೆಯ ಒಂದು ಪಾಲಿಗಿಂತಲೂ ಸಣ್ಣವು. ಮೂಗು, ಗಂಟಲು ಅವನ್ನು ತಡೆಯಲಾರವು. ಶ್ವಾಸಕೋಶದ ಕೊನೆಯ ಗೂಡುಗಳವರೆಗೂ ಹೋಗಿ ಅಲ್ಲಿ ಕೂರುತ್ತವೆ. ದೇಹ ಅವನ್ನು ಕರಗಿಸಲಾರದು. ಸುತ್ತಲೂ ಗಾಯದ ಕಲೆಯಂತೆ ಗಂಟುಗಳು ಬೆಳೆದು ಶ್ವಾಸಕೋಶ ಗಡುಸಾಗುತ್ತದೆ. ಧೂಳಿನ ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಹುದು. ಗುಣಪಡಿಸುವ ಔಷಧವಿಲ್ಲ. ಕ್ಷಯ ಅಂಟಿಕೊಳ್ಳುವ ಸಂಭವವೂ ಹೆಚ್ಚು.

ಇದು ಹೊಸ ರೋಗವಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಮಜ್ಜಿನಿ ಎಂಬವನು 1700ರಲ್ಲಿ ಪ್ರಕಟಿಸಿದ ಕಸುಬುದಾರರ ರೋಗಗಳ ಗ್ರಂಥದಲ್ಲಿಯೇ ಕಲ್ಲುಕುಟಿಗರ ಪ್ರಸ್ತಾಪವಿದೆ. ರೋಗಿಯನ್ನು ನೋಡುವಾಗ ವೈದ್ಯನು "ನಿನ್ನ ಕಸುಬೇನು?" ಎಂಬ ಪ್ರಶ್ನೆಯನ್ನೂ ಕೇಳಬೇಕೆಂದು ಹೇಳಿದವನು ಅವನೇ. ಹೊಸದಾದುದು ಅದರ ವೇಗ. ಬೆಣಚುಕಲ್ಲಿನ ಪಾಲು ಮೂರು ಪಟ್ಟು ಹೆಚ್ಚಿದಾಗ, ಹತ್ತಾರು ವರ್ಷಗಳಲ್ಲಿ ಬರುತ್ತಿದ್ದ ರೋಗ ಕೆಲವೇ ವರ್ಷಗಳಲ್ಲಿ ಬರತೊಡಗಿತು. 2012ರಲ್ಲಿ ಇಸ್ರೇಲಿನ ವೈದ್ಯರು, ಶ್ವಾಸಕೋಶ ಬದಲಾಯಿಸುವ ಶಸ್ತ್ರಚಿಕಿತ್ಸೆಗೆಂದು ಬಂದವರಲ್ಲಿ ಇಂಥ ಕೃತಕ ಕಲ್ಲು ಕೊಯ್ದ 25 ಮಂದಿ ಇದ್ದರೆಂದು ವರದಿ ಮಾಡಿದರು. ಆಮೇಲೆ ಸ್ಪೇನ್‌ನಿಂದ, ಆಸ್ಟ್ರೇಲಿಯದಿಂದ, 2023ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಿಂದ ಇಂಥವೇ ವರದಿಗಳು ಬಂದವು. ಕ್ಯಾಲಿಫೋರ್ನಿಯದ ವರದಿಯಲ್ಲಿ 52 ಜನ. ಹೆಚ್ಚಿನವರು ಹೊರದೇಶದಿಂದ ದುಡಿಯಲು ಬಂದವರು. ಆಸ್ಟ್ರೇಲಿಯವು 2024ರ ಜುಲೈ 1ರಿಂದ ಈ ಹಲಗೆಗಳ ತಯಾರಿಕೆ, ಸರಬರಾಜು, ಬಳಕೆಗಳನ್ನೇ ನಿಷೇಧಿಸಿತು. ಹಾಗೆ ಮಾಡಿದ ಮೊದಲ ದೇಶ ಅದು. ಈಗ ಬೆಣಚುಕಲ್ಲಿನ ಪಾಲು ಕಡಿಮೆ ಮಾಡಿದ ಹಲಗೆಗಳೂ ಮಾರುಕಟ್ಟೆಗೆ ಬರುತ್ತಿವೆ. ನಮ್ಮ ದೇಶದಲ್ಲಿ 1948ರ ಕಾರ್ಖಾನೆ ಕಾಯ್ದೆಯೇ ಸಿಲಿಕೋಸಿಸನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು. ಆದರೆ ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ಇಬ್ಬರು ದುಡಿಯುವ ಕಡೆ ಯಾವ ಪಟ್ಟಿ, ಯಾವ ವರದಿ?

ಇದನ್ನು ಓದುತ್ತಿದ್ದಾಗ ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬಿದ್ದಿತು. ಅದನ್ನು ಬರೆಯಲು ಸಂಕೋಚವಾಗುತ್ತಿದೆ. ಮಧ್ಯಪ್ರದೇಶದ ಮಂದಸೌರ್ ಎಂಬಲ್ಲಿ ಪಾಟಿ ಮೇಲೆ ಬರೆಯುವ ಕಡ್ಡಿಗಳನ್ನು ಕಲ್ಲಿನಿಂದ ಕೊಯ್ದು ಮಾಡುವ ಉದ್ಯಮವಿದ್ದಿತು. 1980ರ ದಶಕದಲ್ಲಿ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಪರೀಕ್ಷಿಸಿದಾಗ ಅಲ್ಲಿಯ ಕಾರ್ಮಿಕರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸಿಲಿಕೋಸಿಸ್ ಇದ್ದಿತು. ಅವರಲ್ಲಿ ಎಳೆಯ ವಯಸ್ಸಿನವರೂ ಇದ್ದರು. ಆ ದಶಕವೆಲ್ಲ ನಾನು ನಿಮ್ಮ ಕೈಗೆ ಪಾಟಿಕಡ್ಡಿ ಕೊಟ್ಟು ಅಕ್ಷರ ತಿದ್ದಿಸುತ್ತಿದ್ದೆ. ಕಡ್ಡಿ ಮುರಿದವರಿಗೆ ಬೈಯುತ್ತಿದ್ದೆ. ಆ ಕಡ್ಡಿಗಳು ಯಾವ ಊರಿನಿಂದ ಬಂದವು ಎಂದು ಒಂದು ದಿನವೂ ಕೇಳಲಿಲ್ಲ. ಪ್ರತಿಯೊಂದಕ್ಕೂ ಎಲ್ಲಿಂದ ಬಂತು ಎಂದು ಕೇಳುವ ಅಭ್ಯಾಸ ನನ್ನದೆಂದು ಮೇಲೆ ಜಂಬದಿಂದ ಬರೆದಿದ್ದೇನೆ. ಕೈಯಲ್ಲೇ ಇದ್ದ ವಸ್ತುವಿನ ಬಗ್ಗೆ ಕೇಳಿರಲಿಲ್ಲ.

ಅಳತೆ ತೆಗೆದುಕೊಳ್ಳಲು ಬಂದವನು ನನ್ನ ಹಳೆಯ ವಿದ್ಯಾರ್ಥಿಯೇ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆದ್ದಾರಿಯ ಬದಿಯಲ್ಲಿ ಸ್ವಂತ ಶೆಡ್ಡು ಹಾಕಿಕೊಂಡಿದ್ದಾನೆ, ಸೋದರಳಿಯನೊಬ್ಬ ಸಹಾಯಕ್ಕಿದ್ದಾನೆ. ಚಹ ಕುಡಿಯುತ್ತ, "ಮಾಸ್ತರೇ, ಕ್ವಾರ್ಟ್ಸ್ ಆದ್ರೆ ನಮ್ಗೆ ನಾಕು ಕಾಸು ಹೆಚ್ಚು ಉಳೀತದೆ. ನಿಮ್ಗೂ ಚೆಂದ ಕಾಣ್ತದೆ" ಎಂದನು. ಅವನ ಪ್ರಾಮಾಣಿಕತೆ ನನಗೆ ಹಿಡಿಸಿತು. ಮರುದಿನ ಅವನ ಶೆಡ್ಡಿಗೆ ಹೋದೆ. ಆ ಹುಡುಗ ಕೈಯಂತ್ರದಿಂದ ಹಲಗೆಯ ಅಂಚು ಕೊಯ್ಯುತ್ತಿದ್ದನು. ಮುಖಕ್ಕೆ ಕರ್ಚೀಫು. ಯಕ್ಷಗಾನದ ಚೌಕಿಯಲ್ಲಿ ಬಣ್ಣ ಬಳಿಯಲು ಕುಳಿತವನಂತೆ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿದ್ದವು. ಶೆಡ್ಡಿನ ಪಕ್ಕದ ಪಪ್ಪಾಯಿ ಗಿಡವೂ ಬೆಳ್ಳಗಿತ್ತು.

ನಾನು ಓದಿದುದನ್ನೆಲ್ಲ ಹೇಳಿದೆ. ತರಗತಿಯಲ್ಲಿ ಕೇಳುತ್ತಿದ್ದಂತೆಯೇ ಕೈಕಟ್ಟಿ ಕೇಳಿದನು. ಕೊನೆಗೆ, "ನೀರು ಹಾಕಿ ಕೊಯ್ದ್ರೆ ಧೂಳು ಏಳೂದಿಲ್ಲ ಅಂತ ನಮ್ಗೂ ಗೊತ್ತುಂಟು ಮಾಸ್ತರೇ. ಆದ್ರೆ ಗುರುತು ಹಾಕಿದ ಗೆರೆ ಅಳಿಸಿ ಹೋಗ್ತದೆ. ಕೆಲಸ ನಿಧಾನ ಆಗ್ತದೆ. ಮನೆಯೊಳಗೆ ಕೂರಿಸುವಾಗ ನೀರು ಹಾಕಿದ್ರೆ ಕೆಸರಾಯ್ತು ಅಂತ ಯಜಮಾನ್ರು ಬೈತಾರೆ. ನೀವು ಬೇಡ ಅಂದ್ರೂ ಇನ್ನೊಬ್ರು ಹಾಕಿಸ್ತಾರೆ. ಯಂತ್ರದ ಸಾಲ ತೀರ್ಬೇಕಲ್ಲ" ಎಂದನು.

ನನ್ನ ಬಳಿ ಉತ್ತರವಿರಲಿಲ್ಲ. ನನ್ನೊಬ್ಬನ ಕಟ್ಟೆಯಿಂದ ಅವನ ಸಾಲವೂ ತೀರದು, ಧೂಳೂ ನಿಲ್ಲದು. ಆದರೆ ಅವನ ಮಾತಿನಲ್ಲಿ ಒಂದು ವಾಕ್ಯ ನನ್ನನ್ನು ಚುಚ್ಚಿತು: ಯಜಮಾನ್ರು ಬೈತಾರೆ. ಆ ಯಜಮಾನರೆಂದರೆ ನಾವೇ. ನಮ್ಮ ನೆಲ ಕೆಸರಾಗಬಾರದೆಂದು ಅವನು ಒಣಗೊಯ್ಲು ಕೊಯ್ಯುತ್ತಾನೆ. ನಮಗೆ ನಾಳೆಯೇ ಕೆಲಸ ಮುಗಿಯಬೇಕೆಂದು ನೀರು ಬಿಡುತ್ತಾನೆ.

ಸಂಜೆ ಪತ್ನಿಗೆ ಎಲ್ಲವನ್ನೂ ಹೇಳಿದೆ. ಅವಳು ಕಡಪಾ ಕಲ್ಲಿನ ಮೇಲಿನ ಹಳೆಯ ಉಂಗುರಗಳ ಮೇಲೆ ಬೆರಳಾಡಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಆ ಹುಡುಗ ನಮ್ಮ ಮೊಮ್ಮಗನ ಓರಗೆಯವನಲ್ಲವೇ? ಬಿಳಿ ಬೇಡ" ಎಂದಳು. ಮಗನಿಗೆ ನಾನೇ ದೂರವಾಣಿ ಮಾಡಿದೆ. ಗ್ರಾನೈಟಿನಲ್ಲೂ ಅದೇ ಕಣವಿದೆಯಲ್ಲ ಅಪ್ಪಾ ಎಂದು ಅವನು ಕೇಳಿದುದು ನ್ಯಾಯವಾಗಿಯೇ ಇದ್ದಿತು. ಇದೆ. ನಿಷ್ಪಾಪವಾದ ಕಲ್ಲು ಇಲ್ಲ. ಒರಳಿಗೆ ಉಳಿಪೆಟ್ಟು ಹಾಕುತ್ತ ಉಫ್ ಎಂದು ಊದುತ್ತಿದ್ದವರ ಎದೆಯಲ್ಲಿ ಏನು ಕೂತಿತ್ತೋ ಯಾರು ಬಲ್ಲರು? ಆದರೆ ಹೆಚ್ಚು ಕಡಿಮೆ ಎಂಬುದಿದೆ, ಕೊಯ್ಯುವ ರೀತಿ ಎಂಬುದಿದೆ.

ಆದುದರಿಂದ ನಾವು ಆರಿಸಿದುದು ಚಾಮರಾಜನಗರದ ಕಪ್ಪು. ಕೊಯ್ತ, ಒಲೆಯ ಮತ್ತು ಬಚ್ಚಲ ಬಟ್ಟಲಿನ ಕಂಡಿ, ಅಂಚಿನ ಹೊಳಪು ಎಲ್ಲವೂ ಶೆಡ್ಡಿನಲ್ಲಿಯೇ ನೀರು ಹರಿಸುತ್ತ ಆಗಬೇಕು. ಮನೆಯಲ್ಲಿ ಏನಾದರೂ ಕೊಯ್ಯಬೇಕಾಗಿ ಬಂದರೆ ಅಂಗಳದಲ್ಲಿ, ನೀರು ಹಾಕಿಯೇ. ಕೆಸರು ತೊಳೆಯುವುದು ನಮ್ಮ ಪಾಲು. ಎರಡು ದಿನ ಹೆಚ್ಚು ಹಿಡಿದರೆ ಅದರ ಕೂಲಿಯೂ ನಮ್ಮದು ಎಂದು ಮಾತಾಯಿತು. ಧೂಳು ತಡೆಯುವ ಸರಿಯಾದ ಮುಖವಾಡಗಳನ್ನು ಮಗನು ಕಳುಹಿಸಿದನು. ಕರ್ಚೀಫು ಈ ಕಣಗಳನ್ನು ತಡೆಯದು. ಗೆರೆ ಅಳಿಯದಂತೆ ಹಲಗೆಗೆ ಅಂಟುಪಟ್ಟಿ ಹಚ್ಚಿ ಅದರ ಮೇಲೆ ಗುರುತು ಹಾಕುವ ಉಪಾಯವನ್ನು ಆ ಹುಡುಗನೇ ಕಂಡುಹಿಡಿದನು.

ಇನ್ನೊಂದು ಒಪ್ಪಂದವೂ ಆಯಿತು. ಇಬ್ಬರೂ ಕುಮಟೆಗೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಬೇಕು. ವೈದ್ಯರು ಕೇಳದಿದ್ದರೂ ತಮ್ಮ ಕಸುಬನ್ನು ತಾವೇ ಹೇಳಬೇಕು. ಹೇಳದಿದ್ದರೆ ಬರಿಯ ಕ್ಷಯವೆಂದು ತಿಳಿಯುವ ಸಂಭವವಿರುತ್ತದೆ. ಹೋಗಿ ಬಂದರು. ಹುಡುಗನ ಎದೆಯಲ್ಲಿ ಏನೂ ಇಲ್ಲ. ನನ್ನ ವಿದ್ಯಾರ್ಥಿಯದನ್ನು ಇನ್ನೊಮ್ಮೆ, ದೊಡ್ಡ ಆಸ್ಪತ್ರೆಯಲ್ಲಿ ನೋಡಿಸಬೇಕೆಂದು ವೈದ್ಯರು ಹೇಳಿದ್ದಾರೆ. ಮುಂದಿನ ತಿಂಗಳು ಹೋಗುವವನಿದ್ದಾನೆ. ಜೊತೆಗೆ ನಾನೂ ಹೋಗುತ್ತೇನೆ.

ಕಟ್ಟೆ ಕೂತು ಎರಡು ತಿಂಗಳಾಯಿತು. ಆಯಿಯ ಕಾಲದ ನೆಲದಂತೆ ಕಪ್ಪಾಗಿದೆ. ಪತ್ನಿ ಒಲೆಯಿಂದಿಳಿಸಿದ ಬಾಣಲೆಯನ್ನು ಹಾಗೆಯೇ ಅದರ ಮೇಲೆ ಇಡುತ್ತಾಳೆ. ಮುರುಗಲು ಸಾರು ಚೆಲ್ಲಿದರೆ ಅವಸರವಿಲ್ಲದೆ ಒರೆಸುತ್ತಾಳೆ. ಹಳೆಯ ಕಡಪಾ ಕಲ್ಲನ್ನು ಎಸೆಯಲಿಲ್ಲ. ಹಿತ್ತಲಲ್ಲಿ ಪಾತ್ರೆ ತಿಕ್ಕುವ ಕಟ್ಟೆಯ ಮೇಲೆ ಹಾಸಿದ್ದೇವೆ.

ನಿಮ್ಮಲ್ಲಿ ಯಾರಾದರೂ ಈ ವರ್ಷ ಅಡುಗೆಮನೆ ಕಟ್ಟಿಸುವವರಿದ್ದರೆ ಬಣ್ಣವನ್ನೂ ಬೆಲೆಯನ್ನೂ ಕೇಳಿ, ತಪ್ಪಲ್ಲ. ಅದರ ಜೊತೆಗೆ ಇದನ್ನು ಕೊಯ್ಯುವವರು ಯಾರು, ನೀರು ಹಾಕಿ ಕೊಯ್ಯುತ್ತಾರೆಯೇ ಎಂದೂ ಕೇಳಿ. ಹಾಗೆ ಕೇಳುವ ಯಜಮಾನರು ಊರಿಗೆ ಹತ್ತು ಜನವಾದರೆ ನೀರು ಹಾಕುವುದೇ ಪದ್ಧತಿಯಾಗುತ್ತದೆ. ಕಲ್ಲು ಕೊಯ್ಯುವ ಕೆಲಸದಲ್ಲಿರುವ ನನ್ನ ಮಕ್ಕಳೇ, ನೀವು ಬೈಗುಳಕ್ಕೆ ಹೆದರಬೇಡಿ. ಕೆಸರಾಯಿತೆಂದು ಯಾರಾದರೂ ಬೈದರೆ, ಮಾಸ್ತರು ಹೇಳಿದ್ದಾರೆ ಎಂದು ಹೇಳಿ.